ಸಂತೆಯ ದಿನದ ಬೀಗ

ಮುಂದಿನ ಜೂನ್ ಮೂವತ್ತಕ್ಕೆ ವೀರಭದ್ರಯ್ಯನವರು ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಗಾಳೆಪ್ಪನ ಸಾಲ ತೀರದಿದ್ದರೆ ಅವರ ಕೈಗೆ ಬರಬೇಕಾದ ಹಣ ತಡೆಯುತ್ತಿತ್ತು. ಏಕೆಂದರೆ ನೌಕರರ ಸಹಕಾರ ಸಂಘದಲ್ಲಿ ಆ ಸಾಲಕ್ಕೆ ಜಾಮೀನು ನಿಂತವರು ಅವರೇ. ಈ ಮಾತನ್ನು ಅವರು ತಾವಾಗಿ ಒಮ್ಮೆಯೂ ಎತ್ತಲಿಲ್ಲ. ಸಂಘದ ಕಾರ್ಯದರ್ಶಿ ಗಾಳೆಪ್ಪನನ್ನು ಕರೆದು ಹೇಳಿದ. ಗಾಳೆಪ್ಪ ಮನೆಗೆ ಬಂದು, ಅಂಗಿ ಬಿಚ್ಚುವುದಕ್ಕೂ ಮೊದಲು, ಹೆಂಡತಿ ಹುಲುಗಮ್ಮನಿಗೆ ಹೇಳಿದ. ಅದು ಎಂಬತ್ಮೂರನೆಯ ಇಸವಿಯ ನವೆಂಬರ್ ತಿಂಗಳು.

ಗಾಳೆಪ್ಪ, ವೀರಭದ್ರಯ್ಯನವರಿದ್ದ ಹಗರಿಬೊಮ್ಮನಹಳ್ಳಿಯ ಸರ್ಕಾರಿ ಕಚೇರಿಯಲ್ಲಿಯೇ ಗುಮಾಸ್ತ. ಹುಟ್ಟೂರು ತಂಬ್ರಹಳ್ಳಿಯ ಅವರ ಕೇರಿಯಲ್ಲಿ ತಿಂಗಳ ಸಂಬಳ ಕಂಡ ಮೊದಲನೆಯವನು. ಸಂಬಳದವರ ಮನೆ ಎಂದ ಮೇಲೆ ಹಾಗೆ ಕಾಣಬೇಡವೇ? ತಮ್ಮನ ಮದುವೆ ಬ್ಯಾಂಡು ಬಾರಿಸಿಕೊಂಡು ಆಯಿತು. ಟೇಪ್ ರೆಕಾರ್ಡರ್ ಬಂತು, ಟೆರಿಕಾಟ್ ಪ್ಯಾಂಟುಗಳು ಬಂದವು, ಹಬ್ಬಕ್ಕೆಂದು ಬಟ್ಟೆ ಅಂಗಡಿಯಲ್ಲಿ ಉದ್ರಿ ಬರೆಸಿದ್ದೂ ಆಯಿತು. ಆಮೇಲೆ ಗಾಳೆಪ್ಪನಿಗೆ ಕಾಮಾಲೆಯಾಗಿ ನಾಲ್ಕು ತಿಂಗಳು ಸಂಬಳವಿಲ್ಲದ ರಜೆ. ಸಂಘದ ಕಂತುಗಳು ನಿಂತವು. ಈಗ ಸಂಘದ ಬಾಕಿಯೇ ಎರಡು ಸಾವಿರದ ಎಂಟುನೂರು.

"ಏಳು ತಿಂಗ್ಳು. ತಿಂಗ್ಳಿಗೆ ನಾನೂರು," ಎಂದಳು ಹುಲುಗಮ್ಮ.

"ಬರಾದು ಏಳ್ನೂರಾ ಅರವತ್ತು."

"ಗೊತ್ತೈತ್ರಿ. ಅದಕ್ಕ ಹೇಳಾಕತ್ತೀನಿ."

ಮರುದಿನದಿಂದ ಗಾಳೆಪ್ಪ ಹೋಟೆಲಿನ ತಿಂಡಿ ಬಿಟ್ಟು ರೊಟ್ಟಿ ಕಟ್ಟಿಸಿಕೊಂಡು ಹೋದ. ಸಿಗರೇಟು ಬೀಡಿಯಾಯಿತು, ತಿಂಗಳೊಪ್ಪತ್ತಿನಲ್ಲಿ ಬೀಡಿಯೂ ಹೋಯಿತು. ಅಂಗಿ ಇಸ್ತ್ರಿಯವನ ಅಂಗಡಿಗೆ ಹೋಗುವುದು ನಿಂತು, ಹುಲುಗಮ್ಮ ಹಿತ್ತಾಳೆ ಚೊಂಬಿನಲ್ಲಿ ಕೆಂಡ ತುಂಬಿ ಉಜ್ಜಿದಳು. ಟೇಪ್ ರೆಕಾರ್ಡರನ್ನು ಎದುರುಮನೆಯ ಸೈಕಲ್ ರಿಪೇರಿ ಮೌಲಾಹುಸೇನ ಕೊಂಡ. ಅದರ ದುಡ್ಡು ಕಿರಾಣಿ ಅಂಗಡಿಗೆ ಹೋಯಿತು. ಮೌಲಾಹುಸೇನನ ಮನೆಯಲ್ಲಿ ಅದನ್ನು ಹಚ್ಚಿದರೆ ಸದ್ದು ಬೀದಿ ದಾಟಿ ಬರುತ್ತಿತ್ತು. ಅವನ ಹೆಂಡತಿ ಶರೀಫಾ ಬೀ, ಗಾಳೆಪ್ಪ ಮನೆಯಲ್ಲಿರುವ ಹೊತ್ತಿನಲ್ಲಿ ಅದನ್ನು ಸಣ್ಣಗೆ ಮಾಡುತ್ತಿದ್ದಳು. ಹುಲುಗಮ್ಮ ಅದನ್ನು ಗಮನಿಸಿದ್ದಳು.

ಇಷ್ಟೆಲ್ಲ ಮಾಡಿದರೂ ಡಿಸೆಂಬರಿನಲ್ಲಿ ಎಪ್ಪತ್ತು ರೂಪಾಯಿ ಕಡಿಮೆ ಬಿತ್ತು. ಜನವರಿಯಲ್ಲಿಯೂ ಅಷ್ಟೇ. ಎರಡು ಸಲವೂ ಕೈಗಡ ತಂದು ತುಂಬಿದರು. ಹುಲುಗಮ್ಮ ಕೂತು ಯೋಚಿಸಿದಳು. ದುಡ್ಡು ಎಲ್ಲಿ ಹೋಗುತ್ತಿದೆ ಎಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಬಾಯಿಬಿಟ್ಟು ಹೇಳಲು ಅವಳಿಗೆ ಎರಡು ದಿನ ಬೇಕಾಯಿತು.

ವಾರದ ಸಂತೆಗೆ ತಂಬ್ರಹಳ್ಳಿಯಿಂದ ಬರುವ ನೆಂಟರೆಲ್ಲ ಗಂಟು ಮೂಟೆ ಇಳಿಸುತ್ತಿದ್ದದ್ದು ಗಾಳೆಪ್ಪನ ಮನೆಯಲ್ಲಿ. ಒಂದು ಸಂತೆಗೆ ಎಂಟು ಜನ, ಇನ್ನೊಂದಕ್ಕೆ ಹನ್ನೆರಡು. ಬಂದವರಿಗೆ ಚಹಾ, ಮಧ್ಯಾಹ್ನ ಬಿಸಿ ಅನ್ನ, ಸಾರು, ಒಂದು ಪಲ್ಯ, ಹೊರಡುವಾಗ ಮತ್ತೆ ಚಹಾ. ಸಂಬಳದವರ ಮನೆಗೆ ಬಂದವರು ಬರಿಹೊಟ್ಟೆಯಲ್ಲಿ ಹೋದರೆ ಊರಲ್ಲಿ ಮಾತಾಗುತ್ತದೆಂದು ಹುಲುಗಮ್ಮ ಹತ್ತು ವರ್ಷ ಹೀಗೇ ನಡೆಸಿದ್ದಳು.

"ಬರಬ್ಯಾಡ್ರಿ ಅಂತ ಹೆಂಗ ಹೇಳ್ಲಿ? ನಮ್ಮವ್ರು ಅವ್ರು," ಎಂದ ಗಾಳೆಪ್ಪ.

"ವೀರಭದ್ರಯ್ಯನೋರು ಯಾರವ್ರು ಹಂಗಾರ?"

ಗಾಳೆಪ್ಪ ಚಪ್ಪಲಿ ಮೆಟ್ಟಿಕೊಂಡು ಕಚೇರಿಗೆ ಹೋದ.

ಫೆಬ್ರುವರಿಯ ಮೊದಲ ಸಂತೆಯ ದಿನ ಹುಲುಗಮ್ಮ ಬೆಳಿಗ್ಗೆ ಮನೆಗೆ ಬೀಗ ಹಾಕಿ ಶರೀಫಾ ಬೀ ಮನೆಗೆ ಹೋಗಿ ಕೂತಳು. ಶರೀಫಾ ಬೀ ಯಾಕೆ ಏನು ಎಂದು ಕೇಳಲಿಲ್ಲ. ಒಂದು ಮೊರ ಅಕ್ಕಿ ತಂದು ಮುಂದಿಟ್ಟು, "ಕಲ್ಲು ಭಾಳ ಅದಾವಕ್ಕಾ," ಎಂದಳು. ಅಕ್ಕಿಯಲ್ಲಿ ಕಲ್ಲು ಅಷ್ಟೇನೂ ಇರಲಿಲ್ಲ.

ಹತ್ತೂವರೆಯ ಹೊತ್ತಿಗೆ ನೆಂಟರು ಬಂದರು. ಬಾಗಿಲಿನ ಪರದೆಯ ಹಿಂದಿನಿಂದ ಹುಲುಗಮ್ಮನಿಗೆ ಎಲ್ಲ ಕಾಣುತ್ತಿತ್ತು. ಮುಂದೆ ಗಾಳೆಪ್ಪನ ಸೋದರತ್ತೆ ಜೋಗಮ್ಮ, ಹಿಂದೆ ದೊಡ್ಡಪ್ಪ ಯರ್ರೆಪ್ಪ, ಅವರ ಹಿಂದೆ ಐದಾರು ಜನ. ಬೀದಿ ಕಿರಿದು, ಮಾತೆಲ್ಲ ಕೇಳಿಸುತ್ತಿತ್ತು.

"ಕೀಲಿ ಹಾಕೈತಲ್ಲೋ," ಎಂದಳು ಜೋಗಮ್ಮ.

"ಗಾಳೆಪ್ಪಗ ಬಡ್ತಿ ಆಗೈತಿ ಕಾಣ್ತತಿ. ಇನ್ನ ನಮ್ಮ ಬೆವರಿನ ವಾಸ್ನಿ ಆಗಿ ಬರಂಗಿಲ್ಲ," ಎಂದ ಯರ್ರೆಪ್ಪ.

"ನಿನ್ನ ಬಾಯಾಗ ಮಣ್ಣಾಕ. ಹುಡುಗ ಜಡ್ಡಿನಾಗಿಂದ ಎದ್ದು ಎಷ್ಟ್ ದಿನಾತು? ಮತ್ತ ದವಾಖಾನಿಗೆ ಹೋಗ್ಯಾರೇನೋ," ಎಂದಳು ಜೋಗಮ್ಮ.

ಎಲ್ಲರೂ ಕಟ್ಟೆಯ ಮೇಲೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಯರ್ರೆಪ್ಪ, "ನೀರಡಿಕಿ ಆಗೈತಿ. ಹೋಟ್ಲಿಗೆ ಹೋಗಿ ಕುಡದು ಬರೂನು ನಡೀರಿ," ಎಂದ.

"ನೀ ಹೋಗು. ಅಲ್ಲಿ ನಮಗ ಗಿಲಾಸು ಬ್ಯಾರೆ ಇಟ್ಟಿರ್ತಾರ. ನಾ ಕುಡಿಯಾಕಿ ಅಲ್ಲ. ಈ ಊರಾಗ ನಾ ನೀರು ಕುಡಿದ್ರ ಈ ಮನ್ಯಾಗ," ಎಂದಳು ಜೋಗಮ್ಮ.

ಯರ್ರೆಪ್ಪನೂ ಹೋಗಲಿಲ್ಲ. "ಉಣ್ಣೂನು ಹಂಗಾರ. ಬುತ್ತಿ ಬಿಚ್ಚು," ಎಂದ. "ಇವತ್ತರ ಬಿಚ್ಚಾಕ ಬರ್ತತಿ. ವಾರಾ ವಾರಾ ಹೊತ್ಕಂಡು ಬರಾದು, ಹೊತ್ಕಂಡು ಹೋಗಾದು, ಎಮ್ಮಿಗೆ ಹಾಕಾದು."

"ಏನ್ ಮಾಡ್ತಿ? ಹುಲುಗಮ್ಮ ಅಷ್ಟು ಒತ್ತಾಯ ಮಾಡಿ ಬಿಸಿದು ನೀಡ್ತಾಳ. ಅದರ ಮುಂದ ರೊಟ್ಟಿ ಗಂಟು ಬಿಚ್ಚಿದ್ರ ಆಕಿ ಮಾರಿ ಸಣ್ಣದಾಗ್ತತಿ. ಉಂಡ್ರ ಆಕಿಗೆ ಸಮಾಧಾನ ಅಂತ ಉಣ್ಣಾದು."

ಹುಲುಗಮ್ಮನ ಕೈ ಮೊರದಲ್ಲಿಯೇ ನಿಂತಿತು. ಅವರು ಉಣ್ಣಲೆಂದು ಬರುತ್ತಾರೆಂದು ಅವಳು ಬಡಿಸುತ್ತಿದ್ದಳು. ಅವಳಿಗೆ ಬೇಸರವಾದೀತೆಂದು ಅವರು ಉಣ್ಣುತ್ತಿದ್ದರು. ಹತ್ತು ವರ್ಷದಲ್ಲಿ ಒಬ್ಬರೂ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಹೊರಗೆ ಜೋಗಮ್ಮ ರೊಟ್ಟಿ ಹಂಚಿದಳು. ಒಣ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ನೀರಿಲ್ಲದೆ ತುತ್ತು ಇಳಿಯುವುದು ಕಷ್ಟವಾಗಿ ಯರ್ರೆಪ್ಪ ಕೆಮ್ಮಿದ.

"ನೀರು ನಾನು ಕೊಡ್ಲೇನಕ್ಕಾ?" ಶರೀಫಾ ಬೀ ಮೆಲ್ಲಗೆ ಕೇಳಿದಳು. "ನೀವು ಒಳಗೇ ಕೂತಿರ್ರಿ. ಇಲ್ಲಿ ಅದೀರಂತ ನಾನೇನು ಹೇಳಂಗಿಲ್ಲ."

ಹುಲುಗಮ್ಮ ಮೊರ ಕೆಳಗಿಟ್ಟು ಎದ್ದಳು. ಬೀದಿ ದಾಟುವುದಕ್ಕೆ ಎಂಟು ಹೆಜ್ಜೆ ಸಾಕು. ಅಷ್ಟರಲ್ಲಿ ಹೇಳಲು ಒಂದು ಸುಳ್ಳು ಹುಡುಕಿದಳು, ಸಿಗಲಿಲ್ಲ.

"ಇಲ್ಲೇ ಇದ್ದೆ ಅತ್ತಿ," ಎಂದಳು. "ಬೇಕಂತ್ಲೇ ಕೀಲಿ ಹಾಕಿದ್ದೆ. ಸಂಘದ ಸಾಲ ಐತಿ. ಜೂನಿನೊಳಗ ಕಟ್ಟದಿದ್ರ ಜಾಮೀನು ನಿಂತ ಮುದುಕ್ರ ರೊಕ್ಕ ನಿಲ್ತತಿ. ಸಂತಿ ದಿನ ಅಡಗಿ ಮಾಡಾಕ ನನ್ನ ಕೈಲೆ ಆಗವಲ್ದು."

ಯರ್ರೆಪ್ಪ ತುತ್ತು ಹಿಡಿದ ಕೈಯನ್ನು ನೋಡುತ್ತ ಕೂತ. ಜೋಗಮ್ಮ ಮಾತ್ರ ಸರಿದು ದಾರಿ ಬಿಟ್ಟಳು.

"ಕೀಲಿ ತಗಿಯವ್ವ. ಒಂದು ಕೊಡ ನೀರು ತಾ. ಅಲ್ಲೇ ಒಲಿ ಮುಂದ ಹೋಗಿ ನಿಲ್ಲಬ್ಯಾಡ ಮತ್ತ."

"ಚಾ ಆದ್ರೂ..."

"ಬ್ಯಾಡ ಅಂದ್ನಲ್ಲ. ಇಷ್ಟು ದಿನ ಎಮ್ಮಿ ನಮ್ಮ ರೊಟ್ಟಿ ತಿಂದು ಕೊಬ್ಬೈತಿ. ಅದಕ್ಕ ಹೇಳಬೇಕೀಗ, ಇನ್ನ ನಿಂದು ಮುಗೀತವ್ವಾ ಅಂತ."

ಯರ್ರೆಪ್ಪ ಮೊದಲು ನಕ್ಕ. ಹುಲುಗಮ್ಮ ಬೀಗ ತೆಗೆದು ಎಲ್ಲರನ್ನೂ ಒಳಗೆ ಕೂರಿಸಿ ನೀರು ಕೊಟ್ಟಳು. ಅವಳು ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂದು ಜೋಗಮ್ಮ ಹೇಗೋ ಅರಿತು, ಅವಳ ಕೈಗೂ ಒಂದು ರೊಟ್ಟಿ ಇಟ್ಟಳು.

ಫೆಬ್ರುವರಿಯ ಕೊನೆಗೆ ಕಡಿಮೆ ಬಿದ್ದದ್ದು ಹತ್ತೇ ರೂಪಾಯಿ. ಮಾರ್ಚಿನಿಂದ ಕೈಗಡ ತರಬೇಕಾಗಲಿಲ್ಲ. ಬೇಸಿಗೆಯಲ್ಲಿ ನೆಂಟರ ಸಂಖ್ಯೆ ಹೆಚ್ಚಾಯಿತು. ಹುಲುಗಮ್ಮ ಎರಡು ಕೊಡ ನೀರು ಹೆಚ್ಚಿಗೆ ತುಂಬಿಟ್ಟಳು, ಅಷ್ಟೇ.

ಜೂನ್ ನಾಲ್ಕನೆಯ ತಾರೀಖು ಗಾಳೆಪ್ಪ ಕೊನೆಯ ಕಂತು ಕಟ್ಟಿದ. ಮರುದಿನ ಸಂಜೆ ಮನೆಗೆ ಬಂದವನು ಚೊಂಬು ನೀರು ಪೂರಾ ಕುಡಿದು, "ವೀರಭದ್ರಯ್ಯನೋರು ಇವತ್ತು ನನ್ನ ಟೇಬಲ್ ಹತ್ರ ಬಂದು ಕುಂತಿದ್ರು," ಎಂದ.

"ಏನಂದ್ರು?"

"ಏನಿಲ್ಲ. ಮಳಿ ಸುದ್ದಿ ಮಾತಾಡಿದ್ರು, ಮೊಮ್ಮಗನ ಸುದ್ದಿ ಮಾತಾಡಿದ್ರು. ಅರ್ಧ ತಾಸು ಕುಂತು ಎದ್ದು ಹೋದ್ರು." ಚೊಂಬು ಕೆಳಗಿಟ್ಟು ಹೇಳಿದ: "ಏಳು ತಿಂಗ್ಳು ಆ ಕಡಿ ಹಾದಿಲ್ಲ ಅವ್ರು. ಹಿಂದಿನ ಬಾಗಿಲಿಂದ ಓಡಾಡ್ತಿದ್ರು. ಸಿಟ್ಟಾಗ್ಯಾರ ಅಂತ ತಿಳ್ಕಂಡಿದ್ದೆ. ಜವಾನನ್ನ ಕೇಳಿದೆ. 'ನಾ ಎದುರಿಗೆ ಬಂದ್ರ ಆ ಹುಡುಗಗ ಸಾಲ ತೀರ್ಸು ಅಂದಂಗ ಆಗ್ತತಿ' ಅಂದಿದ್ರಂತ."

ಹುಲುಗಮ್ಮ ಗೂಟದ ಮೇಲಿನ ಅಂಗಿ ತೆಗೆದು ಕೊರಳಪಟ್ಟಿ ನೋಡಿದಳು, ಒಗೆಯಬೇಕಾಗಿತ್ತು. ಬಟ್ಟೆ ಅಂಗಡಿಯ ಬಾಕಿ ಇನ್ನೂ ಆರುನೂರು ಇತ್ತು.

"ಮುಂದಿನ ತಿಂಗ್ಳಿಂದ ಅದಕ್ಕ ನೂರು ಕಟ್ಟೂನ್ರಿ," ಎಂದಳು.