ಪಾಠ ಎಲ್ಲಿಗೆ ನಿಂತಿತ್ತು

ಬಸ್ಸಿನಲ್ಲಿ ಹೋಗಿಬರಲು ಹನ್ನೆರಡು ರೂಪಾಯಿ, ಜಂಪರು ಹೊಲಿಸಲು ಇಪ್ಪತ್ತೈದು, ಫೋಟೋಕ್ಕೆ ಮೂವತ್ತು, ಸರ್ಟಿಫಿಕೇಟುಗಳ ಜೆರಾಕ್ಸಿಗೆ ಎಂಟು. ಕೆಲಸದ ಸಂದರ್ಶನಕ್ಕೆ ಹೊರಟ ಮಗಳಿಗೆ ಗಾಳೆಪ್ಪ ಇಷ್ಟನ್ನೂ ಸಂತೋಷದಿಂದಲೇ ಕೊಟ್ಟ. ತಂಬ್ರಹಳ್ಳಿಯಿಂದ ಕಾಲೇಜಿಗೆ ಹೋಗುವಾಗಲೆಲ್ಲ ಯಶೋಧರಾ ಬಸ್ಸಿನ ಎಡಗಡೆಯ ಕಿಟಕಿಗೇ ಕೂರುತ್ತಿದ್ದಳು. ಹಗರಿಬೊಮ್ಮನಹಳ್ಳಿ ಸೇರುವಾಗ ಆ ಕಡೆ ಒಂದು ಖಾಸಗಿ ಹೈಸ್ಕೂಲು ಕಾಣುತ್ತಿತ್ತು. ಅವಳು ಬಿ.ಇಡಿ. ಮಾಡಿದ್ದೇ ಅಲ್ಲಿ ಗಣಿತ ಕಲಿಸಬೇಕೆಂದು.

2002ರ ಜೂನ್ ಕೊನೆಯಲ್ಲಿ ಅಲ್ಲಿಂದಲೇ ಕರೆ ಬಂತು. ಶಾಲೆಯ ಕಾರ್ಯದರ್ಶಿ ಗುರುಬಸವರಾಜ ಸರ್ಟಿಫಿಕೇಟು ಮುಟ್ಟಲೂ ಇಲ್ಲ. ಒಂದು ವಾರ ಒಂಬತ್ತನೇ ತರಗತಿಗೆ ಪಾಠ ಮಾಡಿ ತೋರಿಸಬೇಕು, ಮಕ್ಕಳು ಒಪ್ಪಿದರೆ ನೋಡೋಣ ಎಂದರು.

ಸೋಮವಾರ ಯಶೋಧರಾ ತರಗತಿಗೆ ಹೋಗಿ, ಪಾಠ ಎಲ್ಲಿಗೆ ನಿಂತಿದೆ ಎಂದು ಕೇಳಿದಳು. ಮುಂದಿನ ಬೆಂಚಿನ ಹುಡುಗಿ ಎದ್ದಳು.

"ಮೂರನೇ ಪಾಠ ನಿಮ್ದು ಮಿಸ್. ಹೋದ ವಾರದ ಮಿಸ್ಸು ಎರಡನೇದು ಮುಗಿಸ್ಯಾರ. ನೀವೂ ಶನಿವಾರ ಹೋಗ್ತೀರಲ್ರಿ?"

ಯಾರೂ ನಗಲಿಲ್ಲ. ಮಕ್ಕಳಿಗೆ ಅದು ರೂಢಿಯಾಗಿತ್ತು.

ತಿಳಿದ ಮೇಲೂ ಅವಳು ವಾರವಿಡೀ ಮನಸ್ಸಿಟ್ಟು ಕಲಿಸಿದಳು. ತನ್ನನ್ನಾದರೂ ಉಳಿಸಿಕೊಂಡಾರು ಎಂಬ ಆಸೆ. ಆಸೆ ಇದ್ದವರನ್ನು ಬಿಟ್ಟಿ ದುಡಿಸಿಕೊಳ್ಳುವುದು ಸುಲಭ. ಶನಿವಾರ ಕಾರ್ಯದರ್ಶಿ ತಿಳಿಸುತ್ತೇವೆ ಎಂದು ಕಳಿಸಿಬಿಟ್ಟರು. ಹೊರಗೆ ಗಂಜಿ ಹಾಕಿದ ಸೀರೆಯುಟ್ಟು ಮುಂದಿನ ವಾರದವಳು ಕೂತಿದ್ದಳು.

ದಸರೆ ಕಳೆದ ಮೇಲೆ ಶಾಲೆಗೆ ಇನ್‌ಸ್ಪೆಕ್ಷನ್ ಬರುವುದಿತ್ತು. ಹಾಜರಿ ಪುಸ್ತಕದಲ್ಲಿ ತೋರಿಸಲು ಗಣಿತಕ್ಕೊಬ್ಬ ಕಾಯಂ ಶಿಕ್ಷಕಿ ಬೇಕಾಯಿತು. ಬಂದು ಸೇರಲಿ ಎಂದು ಗಾಳೆಪ್ಪನಿಗೆ ಹೇಳಿಕಳಿಸಿದರು. ಯಶೋಧರಾ ಒಲ್ಲೆ ಎಂದಳು.

"ಒಲ್ಲೆ ಅಂದ್ರ ಹೆಂಗವ್ವಾ? ಆ ಸಾಲಿ ಅಂದ್ರ ಜೀವ ಬಿಡ್ತಿದ್ದಿ."

"ಅದು ಬಸ್ಸಿನಾಗ ಕುಂತು ನೋಡಿದ್ದಪ್ಪಾ."

ಆದರೆ ಬೇರೆಲ್ಲೂ ಕೆಲಸವಿರಲಿಲ್ಲ. ಹೋಗಿ ಸೇರಿದಳು.

ಇನ್‌ಸ್ಪೆಕ್ಷನ್ ಮುಗಿದ ಮರುವಾರ ಗುರುಬಸವರಾಜ ಹುಡುಗಿಯೊಬ್ಬಳನ್ನು ಅವಳ ಹತ್ತಿರ ಕರೆತಂದರು. ವಿಜ್ಞಾನಕ್ಕೆ ಅರ್ಜಿ ಹಾಕಿದವಳು. ಇವಳಿಗಿಂತ ಮುಂಚೆ ಬಂದಿದ್ದವಳು ಐದನೇ ಪಾಠ ಮುಗಿಸಿ ಹೋಗಿದ್ದಳು. ಜಂಪರು ಹೊಸದು, ತೋಳು ಇನ್ನೂ ಬಿಗಿ. ಕಣ್ಣರಳಿಸಿ ಗೋಡೆ, ಕಿಟಕಿ ಎಲ್ಲವನ್ನೂ ನೋಡುತ್ತಿದ್ದಳು.

"ಎಲ್ಲಿಂದ ಸುರು ಮಾಡ್ಬೇಕು ಅಂತ ಈಕಿಗೆ ಸ್ವಲ್ಪ ಹೇಳ್ರಿ, ಟೀಚರ್," ಎಂದು ಕಾರ್ಯದರ್ಶಿ ಅಲ್ಲೇ ನಿಂತರು.

ವಾಪಸ್ಸು ಮನೆಗೆ ಹೋಗವ್ವಾ ಎಂಬ ಮಾತು ಯಶೋಧರಾಳ ಬಾಯಿತನಕ ಬಂತು. "ಆರನೇ ಪಾಠ," ಎಂದಳು.

ತಿಂಗಳಿಗೆ ಸಾವಿರದ ಇನ್ನೂರು ರೂಪಾಯಿ ಬರತೊಡಗಿತು. ಕಲಿಸುವ ಆಸೆ ಹೋಯಿತು.