ಅವಳ ಪಾಲಿನ ಸಾಲು

ಗಂಡನನ್ನು ಬಿಟ್ಟು ಹೋಗುವವಳು ಅವನಿಗೆ ಬುತ್ತಿ ಕಟ್ಟಿಕೊಂಡು ಬರುತ್ತಾಳೆಯೇ? ಸುಂದರವ್ವ ಬಂದಿದ್ದಳು. ಒಂದು ಕೈಯಲ್ಲಿ ರೊಟ್ಟಿ, ಪುಂಡಿಪಲ್ಯೆ. ಇನ್ನೊಂದರಲ್ಲಿ ಬಟ್ಟೆಯ ಚೀಲ. ಊಟ ಕೊಟ್ಟು, ಮುಖಕ್ಕೆ ಹೊಡೆದಂತೆ ಹೇಳಿ, ಮಹಾಲಿಂಗಪುರದ ತಮ್ಮನ ಮನೆಗೆ ಬಸ್ಸು ಹತ್ತುವುದೆಂದು ಬೆಳಿಗ್ಗೆಯೇ ನಿಶ್ಚಯಿಸಿದ್ದಳು.

ಬೀಳಗಿ ಕಡೆಯ ಅವರ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮುಂಚೆ ಅವಳೂ ಗಂಡ ನೀಲಕಂಠನೂ ಮದುವೆಮನೆಗಳಲ್ಲಿ ಹಾಡುತ್ತಿದ್ದರು. ಹಳೆಯ ಸಿನಿಮಾದ ಒಂದು ಜೋಡಿಹಾಡು ಅವರದೇ ಎನ್ನುವಷ್ಟು ಹೆಸರಾಗಿತ್ತು. ಕತ್ತಲು ಎಷ್ಟಿದ್ದರೂ ನಡೆ, ಬೆಳಗಾಗಿಯೇ ತೀರುತ್ತದೆ ಎಂದು ಅವನದೊಂದು ಸಾಲು, ಇವಳದೊಂದು ಸಾಲು. ಬನಹಟ್ಟಿಗೆ ಬಂದು ಅವನು ಕರೆಂಟ್ ಮಗ್ಗದ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಹಾಡು ನಿಂತಿತು. ಬರಬರುತ್ತ ಮಾತೂ ನಿಂತಿತು. ಎದುರು ನಿಂತರೆ ಎರಡು ಮಾತು, ಬೆನ್ನ ಹಿಂದಿನಿಂದ ಕರೆದರೆ ಕಲ್ಲು. ಊರು ಮುಳುಗಿತೆಂದು ಗಂಡನೂ ಮುಳುಗಬೇಕೇ? ಅವಳಿಗೆ ಸಾಕಾಗಿ ಹೋಗಿತ್ತು.

ಶೆಡ್ಡಿನ ಬಾಗಿಲಿಗೆ ಬರುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಕಿವಿ ಹರಿಯುವ ಮಗ್ಗಗಳ ಸದ್ದು ಒಮ್ಮೆಲೇ ಗಪ್ಪಾಯಿತು. ಆ ಮೌನದಲ್ಲಿ ಯಾರೋ ಹಾಡುತ್ತಿದ್ದರು.

ಸುಂದರವ್ವ ಒಳಗೆ ಇಣುಕಿದಳು. ಮೊದಲೇ ನಿಲ್ಲಿಸಿದ್ದ ಮಗ್ಗದ ಮೇಲೆ ಬಗ್ಗಿ, ಬಾಗಿಲಿಗೆ ಬೆನ್ನು ಮಾಡಿ, ಹರಿದ ಎಳೆಗಳಿಗೆ ಗಂಟು ಹಾಕುತ್ತ ನೀಲಕಂಠ ಗಂಟಲು ಬಿಟ್ಟು ಹಾಡುತ್ತಿದ್ದ. ಅದೇ ಹಾಡು! ತನ್ನ ಸಾಲು ಮುಗಿಸಿ ಸುಮ್ಮನಾದ. ತಲೆ ತೂಗುತ್ತ, ಅವಳ ಸಾಲಿನಷ್ಟು ಹೊತ್ತು ಕಾದು, ಮುಂದಿನದನ್ನು ಎತ್ತಿಕೊಂಡ.

"ಏನ್ರೀ!" ಎಂದಳು. ತಿರುಗಲಿಲ್ಲ. ಚೀರಿದಳು. ಆಗಲೂ ತಿರುಗಲಿಲ್ಲ.

ಪಕ್ಕದ ಮಗ್ಗದ ಕಾಶಪ್ಪ ತಲೆ ತಗ್ಗಿಸಿದ. "ವೈನಿ, ಅವಗ ಕಿವಿ ಕೇಳಂಗಿಲ್ರಿ. ಮಗ್ಗದ ಸಪ್ಪಳಕ್ಕ ಹ್ವಾದ್ವು. ಎದುರಿಗಿದ್ದವರ ತುಟಿ ನೋಡಿ ಮಾತಾಡ್ತಾನ. ನಿಮಗ ಹೇಳಬ್ಯಾಡ ಅಂದಿದ್ದ. ಹಾಡೋ ಗಂಡಗ ಕಿವಿ ಹ್ವಾದ್ವು ಅಂದ್ರ ಆಕಿ ಎದಿ ಒಡಕೋತಾಳ ಅಂತಿದ್ದ. ಹಾಡತಾನಂತ ನಮಗೂ ಇವತ್ತ ಗೊತ್ತಾತು."

ಕಲ್ಲು, ಮೊಂಡ, ಸೊಕ್ಕಿನವ ಎಂದೆಲ್ಲ ಅವನನ್ನು ಬೈದಿದ್ದಳು. ಬಟ್ಟೆಯ ಚೀಲವನ್ನು ಕೆಳಗಿಟ್ಟಳು.

ನೀಲಕಂಠ ಮತ್ತೆ ಸುಮ್ಮನಾದ. ಅವಳ ಸಾಲು ಬಂದಿತ್ತು. ಬಾಗಿಲಲ್ಲೇ ನಿಂತು ಸುಂದರವ್ವ ಅದನ್ನು ಎತ್ತಿಕೊಂಡಳು. ದನಿ ಒಡೆಯಿತು, ಆದರೂ ಬಿಡಲಿಲ್ಲ. ಶೆಡ್ಡಿನವರೆಲ್ಲ ಕೇಳಿಸಿಕೊಂಡರು. ಅವನಿಗೊಂದೂ ಕೇಳಿಸಲಿಲ್ಲ.

ಅವಳ ಕೊನೆಯ ಮಾತು ಮುಗಿಯಿತು. ಆ ಕ್ಷಣಕ್ಕೇ ಅವನು ತನ್ನ ಸಾಲು ಶುರು ಮಾಡಿದ.