ಎರಡನೇ ನೀರಿನ ಕಾಪಿ

ಶಂಕರಮ್ಮನ ಮಗಳು ಚೆಲುವಿ ಹಸಿವು ಅಂದವಳೇ ಅಲ್ಲ. ಆರು ವರ್ಷದ ಮಗು, ಹಟವಿಲ್ಲ, ರಂಪವಿಲ್ಲ. ಕೊಳ್ಳೇಗಾಲದ ನೇಕಾರರ ಬೀದಿಯ ಬೇರೆ ಮಕ್ಕಳು ಹೊತ್ತೇರುವ ಮುಂಚೆಯೇ ಅವ್ವಂದಿರ ಸೆರಗು ಜಗ್ಗುತ್ತಿದ್ದರೆ, ಚೆಲುವಿ ಒಂದು ಲೋಟ ಕಾಪಿ ಕುಡಿದು ರಾಟೆಯ ಮುಂದೆ ಕೂರುತ್ತಿದ್ದಳು. ಅಪ್ಪ ನಂಜುಂಡಯ್ಯ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುವನು. ಅವನ ಲಾಳಿಗೆ ಬೇಕಾದ ಎಳೆಯನ್ನು ಕಂಡಿಕೆಯೆಂಬ ಪುಟ್ಟ ಕೊಳವೆಗೆ ಸುತ್ತಿಕೊಡುವವಳು ಈ ಮಗು.

“ನಮ್ ಚೆಲುವಿ ದೇವರಂತೋಳು ಕಣಕ್ಕ, ಒಂದ್ ತುತ್ತು ಕೇಳಾಕಿಲ್ಲ” ಎಂದು ಶಂಕರಮ್ಮ ಬಾವಿಕಟ್ಟೆಯಲ್ಲಿ ಹೇಳಿಕೊಂಡು ಹಿಗ್ಗುವಳು.

ನೇಯಲು ನೂಲು ಕೊಡುವ ಸಾಹುಕಾರರೇ ಕಾಪಿಪುಡಿಯನ್ನೂ ಕೊಡುತ್ತಿದ್ದರು. “ಕುಡೀರಿ, ಕೈ ಚುರುಕಾಯ್ತದೆ” ಎನ್ನುವರು. ಮೊದಲ ನೀರು ಗಂಡಹೆಂಡಿರಿಗೆ. ಉಳಿದ ಗಸಿಗೆ ಮತ್ತೆ ನೀರು ಹೊಯ್ದು, ಬೆಲ್ಲ ಹಾಕಿ ಕುದಿಸಿದ ಎರಡನೇ ನೀರು ಮಗುವಿಗೆ. ಅದರಲ್ಲೇನಿದೆ, ಬಣ್ಣದ ಬೆಲ್ಲದ ನೀರು ತಾನೇ ಎಂದು ಶಂಕರಮ್ಮನ ಲೆಕ್ಕ.

ಆಷಾಢದಲ್ಲಿ ಚೆಲುವಿಯ ಕೈ ನಡುಗತೊಡಗಿತು. ಎಳೆ ಪಟಪಟ ಹರಿಯುತ್ತಿತ್ತು. ಅಪ್ಪ ಗದರುವನು. ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡೇ ಇರುವ ಮಗು ಹಗಲಲ್ಲಿ ತೂಕಡಿಸುವುದು. ತೂಕಡಿಕೆ ಬಿಡಲೆಂದು ಶಂಕರಮ್ಮ ಇನ್ನೊಂದು ಲೋಟ ಕೊಡುವಳು. ಹೀಗಿರುವಾಗ ಒಂದು ದಿನ ಮಗು ರಾಟೆಯ ಮೇಲೆಯೇ ಕುಸಿದು ಬಿತ್ತು.

ಶಂಕರಮ್ಮನ ಕೂಗು ಕೇಳಿ ಪಕ್ಕದ ಮನೆಯ ಸುವರ್ಣಮ್ಮ ಓಡಿ ಬಂದಳು. ರೇಷ್ಮೆಗೆ ಬಣ್ಣ ಹಾಕುವವಳು, ಮೊಣಕೈವರೆಗೂ ಕೆಂಪು. ತಂಗಿಯ ಮಗನನ್ನು ಇದೇ ಸ್ಥಿತಿಯಲ್ಲಿ ಆಸ್ಪತ್ರೆಗೆ ಹೊತ್ತೊಯ್ದು ಬಂದವಳು. ಚೆಲುವಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಒಳಗೆ ಬಿಳಚಿತ್ತು.

“ಬೆಳಿಗ್ಗೆಯಿಂದ ಏನ್ ತಿಂದವ್ಳೆ?”

“ಏನೂ ಬ್ಯಾಡ ಅಂದ್ಲು. ಕಾಪಿ ಕುಡುದ್ಲು.”

“ಮಕ್ಕಳಿಗೆ ಕಾಪಿ ಕೊಡ್ತಾರೇನೆ ತಾಯಿ?”

“ನಾನೇನ್ ಇಸ ಕೊಟ್ನಾ? ಎರಡ್ನೇ ನೀರು ಕಣಕ್ಕ. ಸಾವ್ಕಾರ್ರ ಮನೇಲೂ ಕುಡೀತಾರಲ್ಲ!”

“ಅಲ್ಲಿ ದೊಡ್ಡೋರು ಕುಡೀತಾರೆ. ಅವ್ರ ಮಕ್ಕಳಿಗೆ ಆಲು ಕಾಸ್ತಾರೆ. ಕಣ್ಣಾರೆ ಕಂಡಿವ್ನಿ.”

ನಂಜುಂಡಯ್ಯ ಮಗ್ಗದಿಂದಲೇ ಮೂದಲಿಸಿದ: “ಬಣ್ಣ ಕಲಸೋಳು ಡಾಕ್ಟ್ರಾಗ್ಬುಟ್ಲು!”

“ಬಣ್ಣದ ಮಾತೇ ಆಡನ ಕಣಣ್ಣ. ಒಂದ್ ಲಡಿ ರೇಸ್ಮೆ ಅದ್ದಿ ತೆಗುದ್ಮೇಲೆ, ಉಳುದ ನೀರಿಗೆ ಇನ್ನೊಂದ್ ಲಡಿ ಆಕುದ್ರೆ ಬೆಳ್ಳಗೇ ಬತ್ತದಾ?”

“ಎಲ್ಲಿ ಬತ್ತದೆ? ತಿಳಿಗೆಂಪಾಯ್ತದೆ.”

“ಮತ್ತೆ ಎರಡ್ನೇ ನೀರಲ್ಲಿ ಏನೂ ಇಲ್ಲ ಅಂತ ಯಾಕಂದ್ರಿ? ರೇಸ್ಮೆಗಿಂತ ಎಳೇದಲ್ವಾ ಈ ಜೀವ?”

ನಂಜುಂಡಯ್ಯನ ಲಾಳಿ ನಿಂತಿತು. ಸುವರ್ಣಮ್ಮ ಶಂಕರಮ್ಮನ ಕಡೆ ತಿರುಗಿದಳು.

“ಕಾಪಿ ಅಸಿವ ಕಟ್ಟಾಕ್ತದೆ, ನಿದ್ದೆ ಕದೀತದೆ ಅಂದ್ರು ನನ್ ತಂಗಿ ಮಗನ್ನ ನೋಡಿದ್ ಡಾಕ್ಟ್ರು. ಟೀನೂ ಅಷ್ಟೇ. ನಿನ್ ಮಗಳು ಅಸಿವಿಲ್ದೋಳಲ್ಲ ಕಣೆ. ಅವಳ ಅಸಿವಿನ ಬಾಯಿಗೆ ನೀನೇ ಬಟ್ಟೆ ತುರುಕಿದ್ದೀಯ.”

ಶಂಕರಮ್ಮ ಸೆರಗು ಬಾಯಿಗೊತ್ತಿಕೊಂಡಳು. ಅಂದೇ ಆಸ್ಪತ್ರೆಗೆ ಹೋದರು. ಮೈಯಲ್ಲಿ ರಕ್ತವಿಲ್ಲ ಎಂದರು ಡಾಕ್ಟರು. ಔಷಧಿ ಕೊಟ್ಟು, ಕಾಪಿ ಟೀ ಎರಡನ್ನೂ ಬಿಡಿಸಿದರು. ಬಿಡಿಸಿದ ಮೇಲೆ ಮಗು ತಲೆನೋವೆಂದು ಅತ್ತು ಕಾಪಿಗಾಗಿ ಗೋಗರೆಯಿತು. ಶಂಕರಮ್ಮನ ಕೈ ಕಾಪಿ ಪಾತ್ರೆಯತ್ತ ಹೋದಾಗ ತಡೆದವನು ನಂಜುಂಡಯ್ಯ. “ಬ್ಯಾಡ ಕಣೆ. ನಾಕ್ ದಿನ ಅತ್ತು ಸುಮ್ಕಾಯ್ತಳೆ.”

ಒಂದು ಮಧ್ಯಾಹ್ನ ಚೆಲುವಿ ಎದ್ದು ಕೂತು ಅಂದಳು: “ಅವ್ವಾ, ಅಸಿವು.”

ಶಂಕರಮ್ಮ ಒಲೆಮನೆಗೆ ಓಡಿದಳು. ರಾಗಿಹಿಟ್ಟಿನ ಮಡಕೆಗೆ ಕೈ ಹಾಕಿದರೆ ತಳ ಸಿಕ್ಕಿತು. ಇದ್ದ ಹಿಡಿ ಹಿಟ್ಟಿನಲ್ಲಿ ಗಂಜಿ ಕಾಸಿ ಕುಡಿಸಿದಳು. ಮಗು ಲೋಟ ನೆಕ್ಕಿ ಮತ್ತೆ ಕೇಳಿತು. ಇಷ್ಟು ವರ್ಷ ಯಾಕೆ ಮಡಕೆಯ ತಳ ತನ್ನ ಕಣ್ಣಿಗೆ ಬೀಳಲಿಲ್ಲ ಎಂಬುದು ಆಗ ಅವಳಿಗೆ ತಿಳಿಯಿತು. ಕಾಪಿ ಇಡೀ ಮನೆಯ ಹಸಿವನ್ನೇ ಮುಚ್ಚಿಟ್ಟಿತ್ತು.

ನಂಜುಂಡಯ್ಯ ಮಗ್ಗದ ಗುಂಡಿಯಿಂದ ಎದ್ದವನೇ ಸಾಹುಕಾರರ ಜಗಲಿಯ ಮುಂದೆ ನಿಂತ.

“ಕಾಪಿಪುಡಿ ಬ್ಯಾಡ ಬುದ್ಧಿ. ಅದ್ರ ಬದ್ಲು ರಾಗಿ ಕೊಡಿ.”

ಸಾಹುಕಾರರು ನಕ್ಕರು. “ರಾಗಿ ಉಂಡೋರು ನಿದ್ದೆ ಒಡೀತಾರೆ ಕಣಯ್ಯ.”

“ಒಡೀಲಿ ಬುದ್ಧಿ. ನನ್ ಮಗಳು ನಿದ್ದೆ ಮಾಡ್ಲಿ ಅಂತ್ಲೇ ಕೇಳ್ತಿರದು.”

ಅಂದು ರಾಗಿ ಸಿಗಲಿಲ್ಲ. ಸುವರ್ಣಮ್ಮ ತನ್ನ ಮಕ್ಕಳ ಪಾಲಿನಿಂದ ಒಂದು ಮುದ್ದೆ ತಂದಿಟ್ಟಳು. ಮಾರನೆಯ ದಿನ ಜಗಲಿಯ ಮುಂದೆ ನಂಜುಂಡಯ್ಯನ ಜೊತೆ ಬೀದಿಯ ಮಿಕ್ಕ ನೇಕಾರರೂ ರಾಗಿ ಕೇಳುತ್ತ ನಿಂತರು.

ಅಕ್ಕಂದಿರೇ, ಅಣ್ಣಂದಿರೇ, ಚೆಲುವಿ ಇನ್ನೂ ಬಡಕಲಾಗಿಯೇ ಇದ್ದಾಳೆ. ಕಳೆದ ರಕ್ತ ಒಂದು ದಿನಕ್ಕೆ ಬರುವುದಿಲ್ಲ. ನಿಮ್ಮ ಮಗು ಊಟ ಕೇಳದಿದ್ದರೆ ಹಿಗ್ಗಬೇಡಿ. ಅದರ ಲೋಟದಲ್ಲೇನಿದೆ ನೋಡಿ. ಕಾಪಿಯಾಗಲಿ, ಟೀಯಾಗಲಿ, ಮೊದಲ ನೀರಾಗಲಿ, ಎರಡನೆಯದಾಗಲಿ, ಮಕ್ಕಳಿಗೆ ಕೊಡಬೇಡಿ. ಹಾಲು, ಮಜ್ಜಿಗೆ, ರಾಗಿಗಂಜಿ, ಇದ್ದದ್ದನ್ನು ಕೊಡಿ. ಅದೂ ಇಲ್ಲದ ಮನೆಯಾದರೆ ಕಾಪಿ ಹೊಯ್ದು ಮಗುವಿನ ಬಾಯಿ ಮುಚ್ಚಿಸಬೇಡಿ. ಅದು ಅಳಲಿ. ಆ ಅಳು ಯಾವ ಜಗಲಿಗೆ ಕೇಳಬೇಕೋ ಆ ಜಗಲಿಗೆ ಕೇಳಲಿ.